ಚೆಕ್ ಬೇಡ, ಮನೆ ಮುಚ್ಚಿ: ಕೆಲವೇ ಕಾಯಿಗಳಲ್ಲಿ ಮೇಟ್ ಮಾಡುವುದು ಹೇಗೆ?

ಎದುರಾಳಿಯ ಹತ್ತಿರ ರಾಜ ಬಿಟ್ಟರೆ ಏನೂ ಉಳಿದಿಲ್ಲ. ನಿಮ್ಮ ಹತ್ತಿರ ರಾಜ ಇದ್ದಾನೆ, ಜೊತೆಗೆ ರಾಣಿಯೂ ಇದೆ. ಸುತ್ತ ನಿಂತವರು ‘ಆಯ್ತು, ಇನ್ನೇನು’ ಅಂತ ಎದ್ದು ಹೋಗುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡಿದರೆ ಆಟ ಡ್ರಾ! ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯ ಶಾಲಾ ಮಕ್ಕಳ ಚೆಸ್ ಪಂದ್ಯಗಳಲ್ಲಿ ಇದು ಮತ್ತೆ ಮತ್ತೆ ನಡೆಯುತ್ತದೆ. ಓಪನಿಂಗ್ (ಆಟದ ಶುರುವಿನ ನಡೆಗಳು) ಚೆನ್ನಾಗಿ ಗೊತ್ತಿರುತ್ತದೆ. ಫೋನಿನಲ್ಲಿ ನೋಡಿ ಕಲಿತ ಟ್ರ್ಯಾಪ್‌ಗಳೂ ಬಾಯಿಪಾಠ. ಆದರೆ ಕೊನೆಯಲ್ಲಿ ಒಂಟಿ ರಾಜನನ್ನು ಕಟ್ಟಿಹಾಕಿ ಮೇಟ್ ಮಾಡುವುದು (ಚೆಕ್ ಕೊಟ್ಟು, ಅಂದರೆ ರಾಜನ ಮೇಲೆ ದಾಳಿ ಮಾಡಿ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ಹಾಗೆ ಮಾಡುವುದು) ಹೇಗೆ ಅಂತ ಯಾರೂ ಕೂರಿಸಿ ಹೇಳಿಕೊಟ್ಟಿರುವುದಿಲ್ಲ. ಕಷ್ಟಪಟ್ಟು ಗೆದ್ದ ಆಟ ಕೈತಪ್ಪಿದಾಗ ಮಕ್ಕಳ ಮುಖ ನೋಡಲಿಕ್ಕೆ ಆಗುವುದಿಲ್ಲ.

1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಕ್ಯೂಬಾದ ಕ್ಯಾಪಾಬ್ಲಾಂಕಾ ಹೊಸಬರಿಗಾಗಿ ಬರೆದ ಪಾಠಗಳನ್ನು ಶುರು ಮಾಡಿದ್ದು ಓಪನಿಂಗ್‌ನಿಂದಲ್ಲ, ಇಂಥ ಸರಳ ಮೇಟ್‌ಗಳಿಂದ. ಅದೇ ಸರಿಯಾದ ದಾರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೋರ್ಡಿನ ಮೇಲೆ 3 ಕಾಯಿಗಳಿದ್ದಾಗ ಪ್ರತಿ ಕಾಯಿಯ ಶಕ್ತಿ ಕಣ್ಣಿಗೆ ಕಾಣುತ್ತದೆ. 32 ಕಾಯಿಗಳ ಗದ್ದಲದಲ್ಲಿ ಅದು ಕಾಣುವುದಿಲ್ಲ.

ಓದುವಾಗ ಎದುರಿಗೆ ಒಂದು ಬೋರ್ಡ್ ಇಟ್ಟುಕೊಳ್ಳಿ. ಸುಮ್ನೆ ಓದಿದರೆ ಇದು ತಲೆಗೆ ಹತ್ತುವುದಿಲ್ಲ. ಬಿಳಿ ಕಾಯಿ ಆಡುವವರ ಎಡಗೈಯಿಂದ ಬಲಗೈಗೆ ಉದ್ದ ಸಾಲುಗಳು ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಅವರ ಕಡೆಯಿಂದ ಮೇಲಕ್ಕೆ ಅಡ್ಡ ಸಾಲುಗಳು 1ರಿಂದ 8. ಈ ಲೇಖನದಲ್ಲಿ ಬರೀ ‘6ನೇ ಸಾಲು’ ಅಂತ ಬರೆದರೆ ಅದು ಅಡ್ಡ ಸಾಲು. ಗೆಲ್ಲುವವರು ಯಾವಾಗಲೂ ಬಿಳಿ. ಆಟದ ಶುರುವಿನಲ್ಲಿ ಮೂಲೆಯಲ್ಲಿ ನಿಂತು ನೇರವಾಗಿ ಓಡುವುದು ಆನೆ, ಓರೆಯಾಗಿ ಓಡುವುದು ಒಂಟೆ, ಚಿಕ್ಕದು ಕಾಲಾಳು. ಮಲಯಾಳ ಮಾಧ್ಯಮದ ಗೆಳೆಯರ ಜೊತೆ ಅಭ್ಯಾಸ ಮಾಡುವುದಾದರೆ ಇದನ್ನು ಮೊದಲೇ ಮಾತಾಡಿಕೊಳ್ಳಿ. ಅವರು ನೇರ ಓಡುವುದನ್ನು ತೇರ್ ಅನ್ನುತ್ತಾರೆ, ಓರೆ ಓಡುವುದನ್ನು ಆನ ಅನ್ನುತ್ತಾರೆ.

ಎಲ್ಲದಕ್ಕೂ ಮೊದಲು

ರಾಣಿ ಸಿಕ್ಕ ಕೂಡಲೇ ಮಕ್ಕಳು ಮಾಡುವ ಕೆಲಸ ಒಂದೇ. ಚೆಕ್, ಮತ್ತೆ ಚೆಕ್, ಮತ್ತೂ ಚೆಕ್. ‘ಮಾಷ್ಟ್ರೇ, ಚೆಕ್ ಕೊಡ್ತಾ ಇದ್ರೆ ಎಲ್ಲಾದ್ರೂ ಸಿಕ್ಕಿ ಬೀಳ್ತಾನೆ ಅಲ್ವಾ?’ ಅಂತ ಕೇಳುತ್ತಾರೆ. ಸಿಕ್ಕಿ ಬೀಳುವುದಿಲ್ಲ. ಚೆಕ್ ಕೊಟ್ಟಾಗ ರಾಜ ಓಡುತ್ತಾನೆ. ಎಲ್ಲಿಗೆ ಓಡಬೇಕು ಅನ್ನುವುದನ್ನು ಅವನೇ ಆರಿಸುತ್ತಾನೆ, ಹೆಚ್ಚಿನ ಸಲ ಬೋರ್ಡಿನ ನಡುವಿಗೇ ಬರುತ್ತಾನೆ. ತೋಟಕ್ಕೆ ನುಗ್ಗಿದ ಕರುವನ್ನು ಹಟ್ಟಿಗೆ ಸೇರಿಸುವಾಗ ಕೋಲು ಹಿಡಿದು ಬೆನ್ನಟ್ಟಿದರೆ ಅದು ಮತ್ತೂ ಒಳಗೆ ಓಡುತ್ತದೆ. ಒಬ್ಬರು ಈ ಕಡೆ, ಇನ್ನೊಬ್ಬರು ಆ ಕಡೆ ನಿಂತು ದಾರಿಗಳನ್ನು ಮುಚ್ಚಿದರೆ ಅದೇ ಹಟ್ಟಿಯ ಕಡೆ ನಡೆಯುತ್ತದೆ. ಇಲ್ಲಿಯೂ ಮಾಡಬೇಕಾದದ್ದು ಅಷ್ಟೇ. ಪ್ರತಿ ನಡೆಗೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಚೆಕ್ ಎಲ್ಲಿದೆ?’ ಅಲ್ಲ. ‘ಅವನಿಗೆ ಈಗ ಎಷ್ಟು ಮನೆ ಉಳಿದಿದೆ? ನನ್ನ ಈ ನಡೆಯಿಂದ ಎಷ್ಟಾಗುತ್ತದೆ?’

ಎರಡನೆಯ ವಿಷಯ ನಿಮ್ಮ ರಾಜ. ಆಟದುದ್ದಕ್ಕೂ ಅವನನ್ನು ಬಚ್ಚಿಟ್ಟು ಅಭ್ಯಾಸವಾಗಿರುತ್ತದೆ. ಕೊನೆಯ ಹಂತದಲ್ಲಿ ಅವನನ್ನು ನಡೆಸದಿದ್ದರೆ ಒಂದು ರಾಣಿಯಿಂದಲೂ ಮೇಟ್ ಆಗುವುದಿಲ್ಲ, ಒಂದು ಆನೆಯಿಂದಲೂ ಆಗುವುದಿಲ್ಲ. ಅವನೂ ಒಂದು ಕೆಲಸದ ಕಾಯಿ.

ಮೂರನೆಯದು ಸ್ಟೇಲ್‌ಮೇಟ್. ಎದುರಾಳಿಯ ಸರದಿ, ಅವನ ರಾಜನಿಗೆ ಚೆಕ್ ಇಲ್ಲ, ಆದರೆ ಹೋಗಲು ಒಂದೂ ಮನೆ ಇಲ್ಲ. ಹಾಗಾದರೆ ಆಟ ಅಲ್ಲಿಗೇ ಡ್ರಾ. ಮನೆ ಮುಚ್ಚುತ್ತಾ ಹೋಗುವ ನಮ್ಮ ವಿಧಾನದಲ್ಲಿ ಇರುವ ಅಪಾಯ ಇದೊಂದೇ. ಕಪ್ಪು ರಾಜ ಅಂಚಿಗೆ ಬಂದ ಮೇಲೆ, ಮೇಟ್ ಕೊಡದ ಪ್ರತಿ ನಡೆಯಲ್ಲೂ ಅವನಿಗೆ ಒಂದಾದರೂ ಮನೆ ಬಿಟ್ಟಿದ್ದೀರಾ ಅಂತ ನೋಡಿ.

ಎರಡು ಆನೆ: ಶುರು ಮಾಡುವುದು ಇಲ್ಲಿಂದ

ಇದರಲ್ಲಿ ಮಾತ್ರ ನಿಮ್ಮ ರಾಜನ ಸಹಾಯ ಬೇಕಾಗಿಲ್ಲ. ಒಂದು ಆನೆ ಒಂದು ಸಾಲನ್ನು ಮುಚ್ಚುತ್ತದೆ, ಇನ್ನೊಂದು ಆನೆ ಮುಂದಿನ ಸಾಲಿನಲ್ಲಿ ಚೆಕ್ ಕೊಡುತ್ತದೆ. ರಾಜ ಒಂದು ಸಾಲು ಹಿಂದಕ್ಕೆ ಹೋಗಲೇಬೇಕು. ಹೀಗೆ ಸರದಿಯಂತೆ ಎರಡೂ ಆನೆಗಳು ಮೇಲೆ ಹತ್ತುತ್ತವೆ. ಒಂದೇ ಒಂದು ತೊಡಕು ಇದೆ. ರಾಜ ಓರೆಯಾಗಿ ಬಂದು ಆನೆಯ ಪಕ್ಕ ನಿಲ್ಲಲು ನೋಡುತ್ತಾನೆ.

ಇಟ್ಟು ನೋಡಿ. ಬಿಳಿ ರಾಜ ಜಿ1, ಆನೆಗಳು ಎ4 ಮತ್ತು ಬಿ1. ಕಪ್ಪು ರಾಜ ಇ5. ಬಿಳಿಯ ಸರದಿ.

1. ಬಿ1ರ ಆನೆ ಬಿ5, ಚೆಕ್. ಕಪ್ಪು ರಾಜ ಡಿ6.
2. ಎ4ರ ಆನೆ ಎ6, ಚೆಕ್. ರಾಜ ಸಿ7.

ಈಗ ಬಿ7ರಲ್ಲಿ ಚೆಕ್ ಕೊಟ್ಟರೆ ರಾಜ ಆನೆಯನ್ನು ತಿಂದುಬಿಡುತ್ತಾನೆ. ಅವಸರ ಬೇಡ. ಆನೆಯನ್ನು ಅದೇ ಸಾಲಿನಲ್ಲಿ ದೂರಕ್ಕೆ ಕಳಿಸಿ.

3. ಬಿ5ರ ಆನೆ ಎಚ್5. ರಾಜ ಬಿ7 (ಈಗ ಎ6ರ ಆನೆಗೆ ಅಪಾಯ).
4. ಎ6ರ ಆನೆ ಜಿ6. ರಾಜ ಸಿ7.
5. ಎಚ್5ರ ಆನೆ ಎಚ್7, ಚೆಕ್. ರಾಜ ಡಿ8.
6. ಜಿ6ರ ಆನೆ ಜಿ8, ಮೇಟ್.

ಆನೆಗಳನ್ನು ಎಚ್ ಮತ್ತು ಜಿ ಅಂತ ಬೇರೆ ಬೇರೆ ಉದ್ದ ಸಾಲುಗಳಲ್ಲಿ ಇಟ್ಟಿದ್ದನ್ನು ಗಮನಿಸಿ. ಒಂದರ ದಾರಿಗೆ ಇನ್ನೊಂದು ಅಡ್ಡ ಬರಬಾರದು. ರಾಣಿ ಮತ್ತು ಆನೆ ಇದ್ದರೂ ಇದೇ ಕ್ರಮ.

ರಾಜ, ರಾಣಿ: ಒಂದೂ ಚೆಕ್ ಇಲ್ಲದೆ

ಕೆಟ್ಟ ಜಾಗದಿಂದ ಶುರು ಮಾಡಿದರೂ, ತಪ್ಪಿಲ್ಲದೆ ಆಡಿದರೆ ರಾಣಿಯಿಂದ 10 ನಡೆಗಳೊಳಗೆ ಮೇಟ್ ಆಗುತ್ತದೆ. ನಾವು ಒಂದೆರಡು ನಡೆ ಜಾಸ್ತಿ ತೆಗೆದುಕೊಂಡರೆ ಏನೂ ತೊಂದರೆ ಇಲ್ಲ. ಮರೆಯದ ಒಂದು ವಿಧಾನ ಕೈಯಲ್ಲಿರಬೇಕು, ಅಷ್ಟೇ.

ಆ ವಿಧಾನದ ಹೆಸರು ನನ್ನ ಪಾಠದಲ್ಲಿ ‘ಕುದುರೆ ದೂರ’. ಕುದುರೆ ಒಂದು ಕಡೆ ಎರಡು ಮನೆ, ಪಕ್ಕಕ್ಕೆ ಒಂದು ಮನೆ ಹೋಗುತ್ತದಲ್ಲ, ಕಪ್ಪು ರಾಜನಿಂದ ಅಷ್ಟೇ ದೂರದಲ್ಲಿ ರಾಣಿಯನ್ನು ನಿಲ್ಲಿಸಿ. ಅಲ್ಲಿಂದ ಚೆಕ್ ಆಗುವುದಿಲ್ಲ. ಆದರೆ ಅವನ 8 ಮನೆಗಳಲ್ಲಿ 5 ಮುಚ್ಚಿಹೋಗುತ್ತವೆ. ಆಮೇಲೆ ಅವನು ಯಾವ ದಿಕ್ಕಿಗೆ ಒಂದು ಹೆಜ್ಜೆ ಇಡುತ್ತಾನೋ ರಾಣಿಯೂ ಅದೇ ದಿಕ್ಕಿಗೆ ಒಂದು ಹೆಜ್ಜೆ ಇಡಲಿ. ಅವನು ಎಡಕ್ಕೆ ಹೋದರೆ ನೀವೂ ಎಡಕ್ಕೆ. ಅವನು ಓರೆಯಾಗಿ ಮೇಲೆ ಹೋದರೆ ನೀವೂ ಹಾಗೆಯೇ. ಯೋಚನೆ ಮಾಡುವ ಕೆಲಸವೇ ಇಲ್ಲ. ಅವನು ತಾನಾಗಿ ಅಂಚಿಗೆ ಹೋಗುತ್ತಾನೆ.

ಬಿಳಿ ರಾಜ ಬಿ2, ರಾಣಿ ಎಫ್4. ಕಪ್ಪು ರಾಜ ಡಿ5. ಈಗ ಕಪ್ಪಿನ ಸರದಿ. ಅವನಿಗೆ ಸಿ5, ಸಿ6, ಇ6 ಮಾತ್ರ ಉಳಿದಿವೆ. ಬೋರ್ಡಿನ ಮೇಲೆ ಎಣಿಸಿ ನೋಡಿ.

ಕಪ್ಪು ರಾಜ ಸಿ6, ರಾಣಿ ಇ5.
ರಾಜ ಬಿ6, ರಾಣಿ ಡಿ5.
ರಾಜ ಸಿ7, ರಾಣಿ ಇ6.
ರಾಜ ಬಿ7, ರಾಣಿ ಡಿ6.
ರಾಜ ಸಿ8, ರಾಣಿ ಇ7.

ಇಲ್ಲಿ ನಿಲ್ಲಿಸಿ! ಕಪ್ಪು ರಾಜ 8ನೇ ಸಾಲಿಗೆ ಬಂದ. ರಾಣಿ 7ನೇ ಸಾಲನ್ನು ಪೂರ್ತಿ ಮುಚ್ಚಿದೆ. ಇನ್ನು ಅವನು ಕೆಳಗೆ ಬರುವ ಹಾಗಿಲ್ಲ. ಎ8, ಬಿ8, ಸಿ8 ಅಂತ 3 ಮನೆಗಳಲ್ಲಿ ಆಚೀಚೆ ಓಡಾಡಬೇಕು. ರಾಣಿಯನ್ನು ಇನ್ನು ಮುಟ್ಟಲೇಬೇಡಿ. ಈಗ ನಿಮ್ಮ ರಾಜ ನಡೆಯಬೇಕು.

ಕಪ್ಪು ರಾಜ ಬಿ8, ಬಿಳಿ ರಾಜ ಬಿ3.
ಕಪ್ಪು ಸಿ8, ಬಿಳಿ ರಾಜ ಬಿ4.
ಕಪ್ಪು ಬಿ8, ಬಿಳಿ ರಾಜ ಬಿ5.
ಕಪ್ಪು ಸಿ8, ಬಿಳಿ ರಾಜ ಬಿ6.
ಕಪ್ಪು ಬಿ8, ರಾಣಿ ಬಿ7, ಮೇಟ್.

ಮೊದಲ ನಡೆಯಿಂದ ಮೇಟ್‌ವರೆಗೆ ಒಂದೂ ಚೆಕ್ ಕೊಡಲಿಲ್ಲ. ಕೊನೆಯದು ನೇರ ಮೇಟ್. ಈ ಒಂದು ಉದಾಹರಣೆಯನ್ನು ಚೆನ್ನಾಗಿ ಆಡಿ ನೋಡಿದ ಮಗು ಆಮೇಲೆ ಸುಮ್ಮನೆ ಚೆಕ್ ಕೊಡುವುದನ್ನು ತಾನಾಗಿಯೇ ಬಿಡುತ್ತದೆ.

ನಿಲ್ಲಿಸಬೇಕಾದ ಕಡೆ ನಿಲ್ಲಿಸದಿದ್ದರೆ ಏನಾಗುತ್ತದೆ? ಕುದುರೆ ದೂರದ ನಿಯಮವನ್ನು ಮುಂದುವರಿಸಿದರೆ, ರಾಜ ಬಿ8ಕ್ಕೆ ಹೋದಾಗ ರಾಣಿ ಡಿ7, ರಾಜ ಎ8ಕ್ಕೆ ಹೋದಾಗ ರಾಣಿ ಸಿ7. ಅಲ್ಲಿಗೆ ಆಟ ಮುಗಿಯಿತು, ಆದರೆ ಡ್ರಾ! ಎ8ರ ರಾಜನಿಗೆ ಎ7, ಬಿ7, ಬಿ8 ಮೂರೂ ಮುಚ್ಚಿದೆ, ಚೆಕ್ ಮಾತ್ರ ಇಲ್ಲ. ರಾಣಿ ಬಿ6ರಲ್ಲಿದ್ದರೂ ಇದೇ ಕಥೆ. ಅಂದರೆ ಬೋರ್ಡಿನ ಎಲ್ಲ ಕಡೆ ಒಳ್ಳೆಯದಾದ ಕುದುರೆ ದೂರ ಮೂಲೆಯಲ್ಲಿ ಮಾತ್ರ ವಿಷ. ನಾಲ್ಕೂ ಮೂಲೆಗಳಲ್ಲಿ ಈ ಚಿತ್ರವನ್ನು ಇಟ್ಟು ತೋರಿಸಿ. ನಮ್ಮ ಮಕ್ಕಳ ಪಂದ್ಯಗಳಲ್ಲಿ ನಾನು ಕಂಡ ರಾಣಿ ಡ್ರಾಗಳಲ್ಲಿ ಹೆಚ್ಚಿನವು ಇದೇ ಎರಡು ಚಿತ್ರಗಳು.

ಮೇಟ್ ಕೊಡುವ ಚಿತ್ರಗಳು ಎರಡು. ಮೊದಲನೆಯದು ಈಗ ನೋಡಿದ್ದು: ರಾಣಿ ಕಪ್ಪು ರಾಜನ ಮುಖಕ್ಕೇ ಬಂದು ನಿಲ್ಲುತ್ತದೆ, ಹಿಂದೆ ನಿಮ್ಮ ರಾಜ ಕಾವಲು ಕಾಯುತ್ತಾನೆ. ಎರಡನೆಯದರಲ್ಲಿ ಎರಡೂ ರಾಜರು ನಡುವೆ ಒಂದು ಮನೆ ಬಿಟ್ಟು ಎದುರುಬದುರು ನಿಂತಿರುತ್ತಾರೆ, ರಾಣಿ ಅಂಚಿನ ಸಾಲಿನಲ್ಲಿ ಪಕ್ಕದಿಂದ ಚೆಕ್ ಕೊಡುತ್ತದೆ. ಎರಡನೆಯ ಚಿತ್ರವೇ ಆನೆಯ ಮೇಟ್‌ಗೂ ಬೇಕು.

ರಾಜ, ಆನೆ: ನಿಜವಾದ ಪಾಠ

ಇದಕ್ಕೆ ಹೆಚ್ಚು ಸಮಯ ಕೊಡಿ. ಆನೆ ಓರೆ ಮನೆಗಳನ್ನು ಮುಚ್ಚುವುದಿಲ್ಲ. ಆದ್ದರಿಂದ ಎರಡೂ ಕಾಯಿಗಳು ಒಟ್ಟಿಗೆ ಕೆಲಸ ಮಾಡಲೇಬೇಕು. ತಪ್ಪಿಲ್ಲದೆ ಆಡಿದರೆ ಎಲ್ಲಿಂದಲೇ ಶುರುವಾಗಲಿ, 16 ನಡೆಗಳೊಳಗೆ ಮುಗಿಯುತ್ತದೆ. ಕಲಿಯುತ್ತಿರುವವರು 25 ನಡೆಗಳಲ್ಲಿ ಮುಗಿಸಿದರೂ ನಾನು ಖುಷಿಪಡುತ್ತೇನೆ.

ಇದರ ನಿಯಮಗಳು ನಾಲ್ಕೇ.

ಆನೆಯಿಂದ ಒಂದು ಸಾಲನ್ನು ಮುಚ್ಚಿ. ಕಪ್ಪು ರಾಜ ಆ ಸಾಲಿನ ಆಚೆಗೆ, ನಿಮ್ಮ ರಾಜ ಈಚೆಗೆ.

ರಾಜರು ಎದುರುಬದುರು ನಿಂತು ನಿಮ್ಮ ಸರದಿ ಬಂದರೆ, ಆಗ ಮಾತ್ರ ಆನೆಯಿಂದ ಚೆಕ್ ಕೊಡಿ. ಮುಂದಿನ ಮೂರು ಮನೆಗಳನ್ನು ನಿಮ್ಮ ರಾಜ ಕಾಯುತ್ತಿರುವುದರಿಂದ ಅವನು ಒಂದು ಸಾಲು ಹಿಂದಕ್ಕೆ ಹೋಗಲೇಬೇಕು.

ಎದುರುಬದುರು ಇಲ್ಲದಿದ್ದರೆ ನಿಮ್ಮ ರಾಜನನ್ನು ಕಪ್ಪು ರಾಜನಿಂದ ಕುದುರೆ ದೂರಕ್ಕೆ ತನ್ನಿ. ಆಗ ಅವನು ಒಂದೋ ಎದುರಿಗೆ ಬರಬೇಕು, ಇಲ್ಲವೇ ದೂರ ಓಡಬೇಕು. ಓಡಿದರೆ ಮತ್ತೆ ಕುದುರೆ ದೂರಕ್ಕೆ ಹೋಗಿ. ಅಂಚು ಮುಟ್ಟಿದ ಮೇಲೆ ಅವನು ತಿರುಗಿ ಬರಲೇಬೇಕು.

ಈಗಾಗಲೇ ಕುದುರೆ ದೂರದಲ್ಲಿದ್ದು ನಿಮ್ಮದೇ ಸರದಿಯಾದರೆ, ಆನೆಯನ್ನು ಅದೇ ಸಾಲಿನಲ್ಲಿ ಒಂದು ಮನೆ ಸರಿಸಿ ಕಾಯಿರಿ. ಏನೂ ಬದಲಾಗುವುದಿಲ್ಲ, ಸರದಿ ಮಾತ್ರ ಅವನಿಗೆ ಹೋಗುತ್ತದೆ. ಈ ‘ಕಾಯುವ ನಡೆ’ ಮಕ್ಕಳಿಗೆ ಅತಿ ಕಷ್ಟ. ಕೈಯಲ್ಲಿ ಕಾಯಿ ಇದ್ದಾಗ ಏನಾದರೂ ದೊಡ್ಡದು ಮಾಡಬೇಕು ಅನಿಸುತ್ತದೆ. ಇಲ್ಲಿ ಏನೂ ಮಾಡದಿರುವುದೇ ಬಲವಾದ ನಡೆ.

ಆನೆಯ ಹತ್ತಿರಕ್ಕೆ ಕಪ್ಪು ರಾಜ ಬಂದರೆ ಹೆದರಬೇಡಿ. ಅದೇ ಸಾಲಿನ ಇನ್ನೊಂದು ತುದಿಗೆ ಆನೆಯನ್ನು ಓಡಿಸಿ.

ಬಿಳಿ ರಾಜ ಇ3, ಆನೆ ಎ4. ಕಪ್ಪು ರಾಜ ಇ5. ಬಿಳಿಯ ಸರದಿ. ಆನೆ 4ನೇ ಸಾಲನ್ನು ಮುಚ್ಚಿದೆ, ರಾಜರು ಎದುರುಬದುರು.

1. ಆನೆ ಎ5, ಚೆಕ್. ಕಪ್ಪು ರಾಜ ಡಿ6.
2. ರಾಜ ಇ4 (ಕುದುರೆ ದೂರ). ಕಪ್ಪು ಸಿ6.
3. ರಾಜ ಡಿ4. ಕಪ್ಪು ಬಿ6, ಆನೆಗೆ ಅಪಾಯ.
4. ಆನೆ ಎಚ್5. ಕಪ್ಪು ಸಿ6.
5. ಆನೆ ಜಿ5, ಕಾಯುವ ನಡೆ. ಕಪ್ಪು ಡಿ6, ಎದುರಿಗೇ ಬಂದ.
6. ಆನೆ ಜಿ6, ಚೆಕ್. ಕಪ್ಪು ಸಿ7.
7. ರಾಜ ಡಿ5. ಕಪ್ಪು ಬಿ7.
8. ರಾಜ ಸಿ5. ಕಪ್ಪು ಸಿ7, ಮತ್ತೆ ಎದುರುಬದುರು.
9. ಆನೆ ಜಿ7, ಚೆಕ್. ಕಪ್ಪು ಡಿ8.
10. ರಾಜ ಡಿ6. ಕಪ್ಪು ಸಿ8.
11. ಆನೆ ಎಚ್7, ಕಾಯುವ ನಡೆ. ಕಪ್ಪು ಬಿ8.
12. ರಾಜ ಸಿ6. ಕಪ್ಪು ಎ8.
13. ರಾಜ ಬಿ6. ಕಪ್ಪು ಬಿ8, ಅವನಿಗೆ ಬೇರೆ ದಾರಿಯೇ ಇಲ್ಲ.
14. ಆನೆ ಎಚ್8, ಮೇಟ್.

ಮೇಟ್‌ಗೆ ಮೊದಲು ಕೊಟ್ಟ ಚೆಕ್‌ಗಳು ಮೂರು, ಮೂರೂ ಎದುರುಬದುರು ನಿಂತಾಗ ಕೊಟ್ಟವು. 1, 6, 9ನೇ ನಡೆಗಳನ್ನು ಮತ್ತೊಮ್ಮೆ ನೋಡಿ. ಉಳಿದದ್ದೆಲ್ಲ ರಾಜನ ನಡಿಗೆ ಮತ್ತು ಕಾಯುವಿಕೆ.

ಇದನ್ನು ಬಾಯಿಪಾಠ ಮಾಡಬೇಡಿ. ಕಪ್ಪು ಬೇರೆ ನಡೆ ಆಡಿದರೆ ಏನು ಅಂತ ನೀವೇ ಹುಡುಕಿ. 10ನೇ ನಡೆಯ ನಂತರ ಕಪ್ಪು ರಾಜ ಸಿ8 ಬಿಟ್ಟು ಇ8ಕ್ಕೆ ಹೋದ ಅಂತ ಇಟ್ಟುಕೊಳ್ಳಿ. ಆಗ ಆನೆ ಇರುವ ಬದಿಗೇ ಅವನು ಓಡುತ್ತಿದ್ದಾನೆ. ಆದ್ದರಿಂದ ಆನೆಯನ್ನು ಎ7ಕ್ಕೆ ಕಳಿಸಿ. ಕಪ್ಪು ಎಫ್8, ನೀವು ರಾಜ ಇ6. ಕಪ್ಪು ಜಿ8, ರಾಜ ಎಫ್6. ಕಪ್ಪು ಎಚ್8, ರಾಜ ಜಿ6. ಕಪ್ಪು ಜಿ8, ಆನೆ ಎ8, ಮೇಟ್. ಎಡಕ್ಕೆ ನಡೆದ ಕಥೆಯೇ ಬಲಕ್ಕೆ.

ಒಂದು ಕಾಲಾಳು ಉಳಿದಾಗ

ಇದು ಮೇಟ್ ಅಲ್ಲ, ಮೇಟ್‌ಗೆ ಹೋಗುವ ದಾರಿ. ಆದರೂ ಬಿಡುವ ಹಾಗಿಲ್ಲ. 8ನೇ ಸಾಲು ಮುಟ್ಟಿದ ಕಾಲಾಳಿನ ಬದಲು ರಾಣಿ ಸಿಗುವುದು ಇಲ್ಲಿಂದಲೇ ತಾನೇ?

ಕಾಲಾಳನ್ನು ಮುಂದೆ ಓಡಿಸಬೇಡಿ. ರಾಜನನ್ನು ಮುಂದೆ ನಡೆಸಿ. ಕಾಲಾಳಿನ ಮುಂದೆ ನಿಮ್ಮ ರಾಜ 6ನೇ ಸಾಲಿಗೆ ಬಂದುಬಿಟ್ಟರೆ, ಸರದಿ ಯಾರದಾದರೂ ಗೆಲುವು ನಿಮ್ಮದೇ. ಉದಾಹರಣೆಗೆ ರಾಜ ಇ6, ಕಾಲಾಳು ಇ5, ಕಪ್ಪು ರಾಜ ಇ8. ಇದು ಅಂಚಿನ ಎ ಮತ್ತು ಎಚ್ ಸಾಲುಗಳಿಗೆ ನಡೆಯುವುದಿಲ್ಲ. ಅಲ್ಲಿ ಕಪ್ಪು ರಾಜ ಮೂಲೆಗೆ ಹೋಗಿ ಕೂತರೆ ಎಬ್ಬಿಸಲು ಆಗುವುದಿಲ್ಲ.

ರಾಜ ಕಾಲಾಳಿನ ಪಕ್ಕದಲ್ಲಿದ್ದರೆ ಒಂದು ಸುಲಭದ ಗುರುತು ಇದೆ. ಕಾಲಾಳು 7ನೇ ಸಾಲಿಗೆ ಚೆಕ್ ಇಲ್ಲದೆ ಹೋದರೆ ಗೆಲುವು, ಚೆಕ್ ಕೊಟ್ಟು ಹೋದರೆ ಡ್ರಾ. ರಾಜ ಡಿ6, ಕಾಲಾಳು ಇ6 ಇಡಿ. ಕಪ್ಪು ರಾಜ ಇ8ರಲ್ಲಿದ್ದು ನಿಮ್ಮ ಸರದಿಯಾದರೆ ಕಾಲಾಳು ಇ7, ಕಪ್ಪು ಎಫ್7, ರಾಜ ಡಿ7, ಇನ್ನು ರಾಣಿಯನ್ನು ತಡೆಯುವವರಿಲ್ಲ. ಅದೇ ಕಪ್ಪು ರಾಜ ಡಿ8ರಲ್ಲಿದ್ದರೆ ಇ7 ಚೆಕ್ ಆಗುತ್ತದೆ. ಅವನು ಇ8ಕ್ಕೆ ಹೋಗುತ್ತಾನೆ. ನೀವು ಇ6ಕ್ಕೆ ಬಂದರೆ ಸ್ಟೇಲ್‌ಮೇಟ್, ಬರದಿದ್ದರೆ ಕಾಲಾಳು ಹೋಯಿತು.

ಆನೆಯ ಮೇಟ್ ಗೊತ್ತಿದ್ದವರಿಗೆ ಇಲ್ಲಿ ಒಂದು ಬೋನಸ್ ಇದೆ. ಬಿಳಿ ರಾಜ ಸಿ6, ಕಾಲಾಳು ಸಿ7, ಕಪ್ಪು ರಾಜ ಎ7. ನಿಮ್ಮ ಸರದಿ. ಕೈ ತಾನಾಗಿ ರಾಣಿಯ ಕಡೆ ಹೋಗುತ್ತದೆ. ಸಿ8ರಲ್ಲಿ ರಾಣಿ ಮಾಡಿದರೆ ಎ8, ಬಿ8, ಎ6 ಎಲ್ಲವೂ ಮುಚ್ಚಿ ಸ್ಟೇಲ್‌ಮೇಟ್. ರಾಣಿಯ ಬದಲು ಆನೆ ಮಾಡಿ! ಕಪ್ಪು ರಾಜನಿಗೆ ಎ6 ಒಂದೇ ಮನೆ. ಆಮೇಲೆ ಆನೆ ಎ8, ಮೇಟ್. ಎಷ್ಟು ಚೆಂದದ ಎರಡು ನಡೆ ಅಲ್ವಾ?

ಒಂಟೆ, ಕುದುರೆಗಳ ಬಗ್ಗೆ

ಬೇರೆ ಬೇರೆ ಬಣ್ಣದ ಮನೆಗಳಲ್ಲಿ ಓಡುವ ಎರಡು ಒಂಟೆಗಳಿಂದ ಮೇಟ್ ಆಗುತ್ತದೆ. ತಪ್ಪಿಲ್ಲದ ಆಟದಲ್ಲಿ ಹೆಚ್ಚೆಂದರೆ 19 ನಡೆ. ಒಂಟೆಗಳನ್ನು ಪಕ್ಕಪಕ್ಕ ಇಡುವುದೇ ಗುಟ್ಟು. ಡಿ4, ಇ4ರಲ್ಲಿ ನಿಂತರೆ ಮುಂದಿನ ಸಾಲಿನ ಸಿ5, ಡಿ5, ಇ5, ಎಫ್5 ನಾಲ್ಕೂ ಮುಚ್ಚುತ್ತವೆ. ರಾಜನೂ ಜೊತೆಗೆ ನಡೆದು ಕಪ್ಪು ರಾಜನನ್ನು ಮೂಲೆಗೇ ಒಯ್ಯಬೇಕು, ಬರೀ ಅಂಚು ಸಾಲದು. ಕೊನೆಯ ಚಿತ್ರ ಹೀಗಿರುತ್ತದೆ: ಕಪ್ಪು ರಾಜ ಎ8, ಬಿಳಿ ರಾಜ ಬಿ6, ಒಂದು ಒಂಟೆ ಡಿ6ರಿಂದ ಬಿ8ನ್ನು ಮುಚ್ಚಿದೆ, ಇನ್ನೊಂದು ಇ4ಕ್ಕೆ ಬಂದು ಮೇಟ್ ಕೊಡುತ್ತದೆ.

ಒಂಟೆ ಮತ್ತು ಕುದುರೆಯ ಮೇಟ್ ಅತಿ ಕಷ್ಟದ್ದು. ಒಂಟೆಯ ಬಣ್ಣದ ಮೂಲೆಯಲ್ಲಿ ಮಾತ್ರ ಅದನ್ನು ಬಲವಂತವಾಗಿ ಸಾಧಿಸಬಹುದು. ಒಂಟೆ ಕಪ್ಪು ಮನೆಗಳದಾದರೆ ಎ1 ಅಥವಾ ಎಚ್8, ಬಿಳಿ ಮನೆಗಳದಾದರೆ ಎ8 ಅಥವಾ ಎಚ್1. ತಪ್ಪಿಲ್ಲದೆ ಆಡಿದರೂ 33 ನಡೆಗಳವರೆಗೆ ಬೇಕಾಗಬಹುದು. 2013ರಲ್ಲಿ ಜಿನೀವಾದ ಮಹಿಳಾ ಗ್ರ್ಯಾನ್ ಪ್ರಿ ಪಂದ್ಯದಲ್ಲಿ ಆಗಿನ ಮಹಿಳಾ ವಿಶ್ವ ಚಾಂಪಿಯನ್ ಅನ್ನಾ ಉಷೆನಿನಾ ಅವರಿಗೆ ಓಲ್ಗಾ ಗಿರ್ಯಾ ಎದುರು ಈ ಮೇಟ್ ಮಾಡಲು ಆಗದೆ ಆಟ ಡ್ರಾ ಆಯಿತು. ಹೈಸ್ಕೂಲಿನ ಮಕ್ಕಳಿಗೆ ಇದನ್ನು ಈಗಲೇ ಕಲಿಸಬೇಕು ಅಂತ ನನಗೆ ಅನಿಸುವುದಿಲ್ಲ. ಆನೆಯ ಮೇಟ್ ನಿದ್ದೆಯಲ್ಲೂ ಬರುವ ಹಾಗಾದ ಮೇಲೆ ನೋಡೋಣ.

ಎರಡು ಕುದುರೆಗಳಿಂದ ಒಂಟಿ ರಾಜನನ್ನು ಬಲವಂತವಾಗಿ ಮೇಟ್ ಮಾಡಲು ಆಗುವುದಿಲ್ಲ. ಅವನೇ ತಪ್ಪು ಮನೆಗೆ ಹೋದರೆ ಮಾತ್ರ. ಒಂದೇ ಒಂಟೆ ಅಥವಾ ಒಂದೇ ಕುದುರೆ ಇದ್ದರೆ ಮೇಟ್ ಇಲ್ಲವೇ ಇಲ್ಲ. ಕೊನೆಯ ಕಾಲಾಳನ್ನು ಕಳೆದುಕೊಳ್ಳುವ ಮೊದಲು ಇದು ನೆನಪಿರಲಿ.

ಪಂದ್ಯದ ಮೇಜಿನಲ್ಲಿ

ಉಪಜಿಲ್ಲಾ ಮಟ್ಟದ ಪಂದ್ಯಕ್ಕೆ ಹೋಗುವ ಮಕ್ಕಳು ಕೆಲವು ನಿಯಮ ತಿಳಿದಿರಲೇಬೇಕು.

ಕೊನೆಯ ಸಲ ಕಾಯಿ ತಿಂದದ್ದು ಅಥವಾ ಕಾಲಾಳು ನಡೆದದ್ದು ಆದಮೇಲೆ ಎರಡೂ ಕಡೆಯವರು 50 ನಡೆ ಆಡಿದರೆ ಎದುರಾಳಿ ಡ್ರಾ ಕೇಳಬಹುದು. ಅವನು ಕೇಳಬೇಕು, ತಾನಾಗಿ ಆಗುವುದಿಲ್ಲ. 75 ನಡೆ ಆದರೆ ಯಾರೂ ಕೇಳದಿದ್ದರೂ ಡ್ರಾ. ಸುಮ್ಮನೆ ಚೆಕ್ ಕೊಡುತ್ತಾ ಓಡಾಡುವವರಿಗೆ 50 ನಡೆ ಬೇಗ ಮುಗಿಯುತ್ತದೆ.

ನಿಮ್ಮ ಗಡಿಯಾರದ ಸಮಯ ಮುಗಿದರೂ ಎದುರಾಳಿಯ ಹತ್ತಿರ ಬರೀ ರಾಜನಿದ್ದರೆ ನೀವು ಸೋಲುವುದಿಲ್ಲ, ಆಟ ಡ್ರಾ. ಸೋತೆ ಅಂದುಕೊಂಡು ಕೈಕುಲುಕಿ ಎದ್ದುಬಿಡಬೇಡಿ. ಆರ್ಬಿಟರನ್ನು (ಪಂದ್ಯದ ತೀರ್ಪುಗಾರರನ್ನು) ಕರೆಯಿರಿ.

ಕಾಲಾಳು ಕೊನೆಯ ಮನೆ ಮುಟ್ಟಿದಾಗ ಹತ್ತಿರ ಇನ್ನೊಂದು ರಾಣಿ ಇಲ್ಲದಿದ್ದರೆ, ಮನೆಯಲ್ಲಿ ಮಾಡುವ ಹಾಗೆ ಆನೆಯನ್ನು ತಲೆಕೆಳಗೆ ಇಟ್ಟು ‘ಇದು ರಾಣಿ’ ಅನ್ನಬೇಡಿ. ಫಿಡೆ (ಅಂತರರಾಷ್ಟ್ರೀಯ ಚೆಸ್ ಸಂಸ್ಥೆ) ನಿಯಮದ ಪ್ರಕಾರ ಅದು ಆನೆಯೇ. ಗಡಿಯಾರ ನಿಲ್ಲಿಸಿ ಆರ್ಬಿಟರ್ ಹತ್ತಿರ ರಾಣಿ ಕೇಳಿ.

ಮುಟ್ಟಿದ ಕಾಯಿಯನ್ನೇ ಆಡಬೇಕು. ಸ್ಟೇಲ್‌ಮೇಟ್‌ಗಳಲ್ಲಿ ಎಷ್ಟೋ ಹೀಗೇ ಆಗುತ್ತವೆ. ರಾಣಿಯನ್ನು ಎತ್ತಿದ ಮೇಲೆ ‘ಅಯ್ಯೋ’ ಅಂದರೆ ಪ್ರಯೋಜನ ಇಲ್ಲ. ಕೈ ಮೇಜಿನ ಕೆಳಗೇ ಇರಲಿ. ಅವನ ಮನೆಗಳನ್ನು ಎಣಿಸಿ, ಆಮೇಲೆ ಕೈ ಎತ್ತಿ.

ಅಭ್ಯಾಸ

ಜೂನ್-ಜುಲೈ ತಿಂಗಳಲ್ಲಿ ರೆಡ್ ಅಲರ್ಟ್ ಅಂತ ಶಾಲೆಗೆ ರಜೆ ಸಿಕ್ಕ ದಿನ ಇದಕ್ಕೆ ಹೇಳಿ ಮಾಡಿಸಿದ ದಿನ. ಕರೆಂಟ್ ಹೋದರೂ ಬೋರ್ಡಿಗೆ ಏನೂ ಆಗುವುದಿಲ್ಲ. ಅಣ್ಣ-ತಂಗಿ, ಅಜ್ಜ-ಮೊಮ್ಮಗ ಯಾರಾದರೂ ಇಬ್ಬರು ಸಾಕು. ಊರಿನ ವಾಚನಾಲಯದಲ್ಲೋ ಕ್ಲಬ್ಬಿನಲ್ಲೋ ಕೇರಂ ಬೋರ್ಡಿನ ಪಕ್ಕ ಒಂದು ಚೆಸ್ ಬೋರ್ಡ್ ಇದ್ದರೆ ಮತ್ತೂ ಒಳ್ಳೆಯದು.

ಮೊದಲ ವಾರ ಎರಡು ಆನೆ ಮತ್ತು ರಾಣಿ ಮಾತ್ರ ಆಡಿ. ಕಾಯಿಗಳನ್ನು ಕಣ್ಣು ಮುಚ್ಚಿ ಎಲ್ಲಾದರೂ ಇಡಿ, ಅಲ್ಲಿಂದ ಶುರು ಮಾಡಿ. ಒಂದೇ ಜಾಗದಿಂದ ಆಡಿದರೆ ನಡೆಗಳು ನೆನಪಾಗುತ್ತವೆಯೇ ಹೊರತು ವಿಧಾನ ಬರುವುದಿಲ್ಲ. ಆನೆಯ ಮೇಟ್‌ಗೆ ಎರಡು ಮೂರು ವಾರ ಕೊಡಿ. ಗಡಿಯಾರ ಇಲ್ಲದೆ ಸಲೀಸಾಗಿ ಬಂದ ಮೇಲೆ 5 ನಿಮಿಷ ಇಟ್ಟು ಆಡಿ, ಆಮೇಲೆ 2 ನಿಮಿಷಕ್ಕೆ ಇಳಿಸಿ. ಸಮಯ ಕಡಿಮೆ ಆದಾಗ ಕೈ ಮತ್ತೆ ಚೆಕ್ ಕಡೆ ಓಡುತ್ತದೆ. ಅದನ್ನು ತಡೆಯುವುದೇ ಈ ಅಭ್ಯಾಸದ ಗುರಿ.

ಒಂಟಿ ರಾಜನ ಕಡೆ ಕೂತವರಿಗೂ ಕೆಲಸ ಇದೆ. ಸೋತ ಆಟ ಅಂತ ಬೇಸರದಿಂದ ಕಾಯಿ ತಳ್ಳಬೇಡಿ. ಆದಷ್ಟು ಹೊತ್ತು ನಡುವಿನ ಮನೆಗಳಲ್ಲೇ ಇರಿ. ಆನೆ ಹತ್ತಿರ ಬಂದರೆ ಬೆನ್ನು ಹತ್ತಿ. ರಾಣಿ ಎದುರಿಗಿದ್ದರೆ ಮೂಲೆಯ ಸ್ಟೇಲ್‌ಮೇಟ್ ಹುಡುಕಿ. ಒಂಟೆ-ಕುದುರೆ ಎದುರಿಗಿದ್ದರೆ ಒಂಟೆಗೆ ಸೇರದ ಬಣ್ಣದ ಮೂಲೆಗೆ ಓಡಿ. ಪ್ರತಿ ನಡೆಯನ್ನೂ ಒಂದು ಕಾಗದದಲ್ಲಿ ಗೀಟು ಹಾಕಿ ಎಣಿಸುವುದು ಕೂಡ ನಿಮ್ಮದೇ ಕೆಲಸ. 50 ಆದ ಕೂಡಲೇ ಡ್ರಾ ಕೇಳಿ, ಕಾಯಿಗಳನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಈ ಸಲ ಕಡೆ ಬದಲಿಸಿ ಆಡಿ.